ಟೈರ್ ಮೊದಲು, ರಿಮ್ ಆಮೇಲೆ: ಒಂದು ಹಳೆಯ ಪೋರ್ಷೆ 944ಗೆ ಚಕ್ರ ಆರಿಸಿದ ಪ್ರಕರಣ

ಕಾರು 1984ರ ಪೋರ್ಷೆ 944. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಟರ್ಬೊ ಇಲ್ಲ. ಕಾರ್ಖಾನೆಯಿಂದ ಬಂದ 15 ಇಂಚು ವ್ಯಾಸ, 7 ಇಂಚು ಅಗಲದ ಅಲಾಯ್ ರಿಮ್‌ಗಳೇ ಇನ್ನೂ ಅದರಲ್ಲಿದ್ದವು. ಮಾಲೀಕ ನನ್ನ ಗೆಳೆಯ. ಅವನಿಗೆ ಬೇಕಾಗಿದ್ದು 18 ಇಂಚಿನ ಚಕ್ರ. ಕೊನೆಗೆ ಹಾಕಿಸಿಕೊಂಡಿದ್ದು 16 ಇಂಚಿನದು. ನಡುವೆ ಎರಡು ಇಂಚು ಎಲ್ಲಿ ಹೋಯಿತು ಅನ್ನುವುದೇ ಈ ಬರಹ.

ಅವನ ದೂರು ಎರಡು. ಒಂದು, ಕಾರು ನಿಂತಾಗ ಚಕ್ರಗಳು ಚಿಕ್ಕದಾಗಿ ಕಾಣುತ್ತವೆ. ಇನ್ನೊಂದು, ಟೈರ್ ಗಟ್ಟಿಯಾಗಿ ಹೋಗಿದೆ, ಮಳೆಯಲ್ಲಿ ಭಯವಾಗುತ್ತದೆ. ಚಂದ ಕಾಣಬೇಕು ಅನ್ನುವ ಆಸೆಯನ್ನು ನಾನು ಕಡೆಗಣಿಸುವವನಲ್ಲ. ಹಳೆಯ ಸ್ಪೋರ್ಟ್ಸ್ ಕಾರನ್ನು ಯಾರೂ ಬರೀ ಉಪಯೋಗಕ್ಕೆಂದು ಇಟ್ಟುಕೊಂಡಿರುವುದಿಲ್ಲ ಅಲ್ವಾ? ಆದರೆ ಎರಡನೆಯ ದೂರೇ ದೊಡ್ಡದು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. 2309 ಎಂದಿದ್ದರೆ 2009ರ 23ನೇ ವಾರ. ಇವನ ಟೈರುಗಳಲ್ಲಿ ಟ್ರೆಡ್ (ನೆಲಕ್ಕೆ ತಾಗುವ ಮೇಲ್ಮೈಯ ಗೀರು) ಚೆನ್ನಾಗಿಯೇ ಉಳಿದಿತ್ತು, ಆದರೆ ತಾರೀಕು ನೋಡಿದರೆ ಯಾವಾಗಲೋ ಎಸೆಯಬೇಕಾದ ಮಾಲು. ಆ ಟೈರುಗಳನ್ನು ಹಾಗೇ ಬಿಟ್ಟು ರಿಮ್ಮಿನ ಡಿಸೈನ್ ಹುಡುಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ಹಾಗಾಗಿ ನಾನು ಮೊದಲೇ ಒಂದು ಷರತ್ತು ಹಾಕಿದೆ. ರಿಮ್ ಬಗ್ಗೆ ಮಾತು ಬೇಡ. ಯಾವ ಟೈರ್ ಹಾಕುತ್ತೀಯ ಅನ್ನುವುದು ಮೊದಲು ಗೊತ್ತಾಗಲಿ. ರಿಮ್ ಅದರ ಹಿಂದೆ ತಾನಾಗಿ ಬರುತ್ತದೆ.

ಅವನು ಕೇಳಲಿಲ್ಲ, ಅದು ಬೇರೆ ಮಾತು. ಅಷ್ಟರಲ್ಲಾಗಲೇ ಒಂದು ಸೆಟ್ ನೋಡಿಟ್ಟಿದ್ದ.

ತೂತು ಕೂಡಿದರೆ ಸಾಲದು

ಆ ಸೆಟ್ 968 ಕಾರಿನದು. 944ರ ಮುಂದಿನ ತಲೆಮಾರು ಅದು. 17 ಇಂಚು ವ್ಯಾಸ. ಮುಂದಕ್ಕೆ ಏಳೂವರೆ ಇಂಚು ಅಗಲ, ಹಿಂದಕ್ಕೆ 9 ಇಂಚು. ನೋಡೋಕೆ ನಿಜವಾಗಿಯೂ ಸೊಗಸು. "ಐದು ತೂತು, 130 ಮಿ.ಮೀ. ವೃತ್ತ. ನನ್ನ ಕಾರಿಗೂ ಅದೇ. ಸುಮ್ನೆ ಬಿಗಿದರೆ ಆಯ್ತು" ಎಂದ.

ಇಲ್ಲೇ 944ರ ಒಂದು ದೊಡ್ಡ ತಕರಾರು ಇದೆ. ಈ ಕಾರಿಗೆ ಚಕ್ರ ಹುಡುಕುವ ಎಲ್ಲರಿಗೂ ಇದು ಗೊತ್ತಿರಬೇಕು. 1986ರ ಮಾದರಿಯವರೆಗೆ, ಚಕ್ರ ಎಷ್ಟು ಒಳಗೆ ಕೂರುತ್ತದೆ ಅನ್ನುವ ಅಳತೆ, ಅಂದರೆ ರಿಮ್ಮಿನ ಆಫ್‌ಸೆಟ್ ಸುಮಾರು 23 ಮಿ.ಮೀ. 1987ರ ಮಾದರಿಯಿಂದ ಎಬಿಎಸ್ ಬಂತು, ಅದರ ಜೊತೆ ಮುಂದಿನ ಸಸ್ಪೆನ್ಷನ್ನಿನ ಲೆಕ್ಕವೂ ಬದಲಾಯಿತು. ಆಫ್‌ಸೆಟ್ ಸುಮಾರು 52 ಮಿ.ಮೀ.ಗೆ ಏರಿತು. ಹೊರಗಿನಿಂದ ನೋಡಿದರೆ ಕಾರು ಅದೇ. ಬೋಲ್ಟ್ ವೃತ್ತ (ಐದು ತೂತುಗಳು ಕೂರುವ ವೃತ್ತ) ಅದೇ, ಸ್ಟಡ್ (ನಟ್ ಬಿಗಿಯುವ ಕಡ್ಡಿ) ಅದೇ, ನಡುವಿನ ತೂತು ಅದೇ 71.6 ಮಿ.ಮೀ. ಆದರೂ ಹಳೆಯ ಕಾರಿನ ರಿಮ್ ಹೊಸದಕ್ಕೆ ಹಾಕಿದರೆ ಚಕ್ರ ಮೂರು ಸೆಂ.ಮೀ.ನಷ್ಟು ಹೊರಗೆ ಬರುತ್ತದೆ. ಹೊಸದರ ರಿಮ್ ಹಳೆಯದಕ್ಕೆ ಹಾಕಿದರೆ ಅಷ್ಟೇ ಒಳಗೆ ಹೋಗುತ್ತದೆ. 968ರ ಆ 17 ಇಂಚಿನ ರಿಮ್ಮಿನ ಆಫ್‌ಸೆಟ್ ಇನ್ನೂ ಜಾಸ್ತಿ, 55.

ಆಫ್‌ಸೆಟ್ ಅಂದರೆ ಏನು? ರಿಮ್ಮಿನ ಅಗಲದ ಸರಿಯಾದ ಮಧ್ಯದಿಂದ, ಅದು ಹಬ್ಬಿಗೆ (ಹಬ್ ಅಂದರೆ ಚಕ್ರವನ್ನು ಬಿಗಿಯುವ ಕಾರಿನ ಭಾಗ) ಒತ್ತಿ ಕೂರುವ ಮುಖ ಎಷ್ಟು ಹೊರಗಿದೆ ಅನ್ನುವ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ. ಆದರೆ ಆಫ್‌ಸೆಟ್ ಒಂದನ್ನೇ ಹಿಡಿದುಕೊಂಡರೆ ಮೋಸ ಹೋಗುತ್ತೀರಿ. ಅಗಲವೂ ಲೆಕ್ಕಕ್ಕೆ ಬರಬೇಕು. ನಾನು ಯಾವಾಗಲೂ ಮಾಡುವ ಲೆಕ್ಕ ಎರಡೇ ಸಾಲಿನದು: ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದರೆ ಆ ಮುಖದಿಂದ ಒಳಗಿನ ಅಂಚು ಎಷ್ಟು ದೂರ ಅಂತ ಗೊತ್ತಾಗುತ್ತದೆ. ಅರ್ಧ ಅಗಲದಿಂದ ಆಫ್‌ಸೆಟ್ ಕಳೆದರೆ ಹೊರಗಿನ ಅಂಚು.

ಇವನ ಹಳೆಯ ರಿಮ್ 7 ಇಂಚು, ಅಂದರೆ ಸುಮಾರು 178 ಮಿ.ಮೀ. ಅರ್ಧ 89. ಆಫ್‌ಸೆಟ್ 23.3. ಒಳಕ್ಕೆ 112, ಹೊರಕ್ಕೆ 66. ಈ ಎರಡು ಸಂಖ್ಯೆ ಈ ಕಾರಿನ ಜಾತಕ. ಹೊಸದಾಗಿ ಏನೇ ತಂದರೂ ಇವುಗಳ ಪಕ್ಕದಲ್ಲಿಟ್ಟು ನೋಡಬೇಕು.

968ರ ಮುಂದಿನ ರಿಮ್: ಅರ್ಧ ಅಗಲ 95, ಆಫ್‌ಸೆಟ್ 55. ಒಳಕ್ಕೆ 150. ಹಳೆಯದಕ್ಕಿಂತ 38 ಮಿ.ಮೀ. ಒಳಗೆ. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್. ಟೈರಿನ ಒಳಪಕ್ಕೆಯ ಪಕ್ಕದಲ್ಲೇ ಅದರ ಕಂಬ ನಿಂತಿರುತ್ತದೆ. ಅಲ್ಲಿ 38 ಮಿ.ಮೀ. ಜಾಗ ಹುಡುಕುವುದು ಕನಸಿನ ಮಾತು. ಚಕ್ರ ಬಿಗಿಯುವ ಮೊದಲೇ ಸ್ಟ್ರಟ್ಟಿಗೆ ತಾಗುತ್ತದೆ.

"ಹಾಗಾದ್ರೆ ಸ್ಪೇಸರ್ ಹಾಕೋಣ" ಎಂದ. ಸರಿ, ಅದನ್ನೂ ನೋಡೋಣ.

ಹಬ್ಬಿಗೂ ರಿಮ್ಮಿಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆಯೇ ಸ್ಪೇಸರ್. ಅದರ ಹೆಸರೆತ್ತಿದರೆ ಮೂಗು ಮುರಿಯುವವರು ಬಹಳ. ನನಗೆ ಆ ಸಿಟ್ಟಿಲ್ಲ. ಚಕ್ರದ ಮಧ್ಯಗೆರೆ ಕೊನೆಗೆ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಬೇರಿಂಗಿನ ಮೇಲಿನ ಭಾರ ನಿಂತಿದೆ. 55 ಆಫ್‌ಸೆಟ್ಟಿನ ರಿಮ್‌ಗೆ 28 ಮಿ.ಮೀ. ಸ್ಪೇಸರ್ ಹಾಕಿದರೆ ಬೇರಿಂಗಿನ ಮಟ್ಟಿಗೆ ಅದು 27 ಆಫ್‌ಸೆಟ್ಟಿನ ರಿಮ್ಮೇ. ಕಾರ್ಖಾನೆಯ ಲೆಕ್ಕಕ್ಕೆ ಹತ್ತಿರ. ಹಬ್ಬಿನ ಮೇಲೆ ಬಿಗಿಯಾಗಿ ಕೂರುವ, ಒಳ್ಳೆಯ ಕೆಲಸದ ಸ್ಪೇಸರ್ ಆದರೆ ಅಪಾಯವೇನೂ ಇಲ್ಲ. ಆದರೆ ತೂಕ ಹೆಚ್ಚುತ್ತದೆ. ಬಿಗಿದಿರಬೇಕಾದ ಜಾಗ ಒಂದರ ಬದಲು ಎರಡಾಗುತ್ತದೆ. ಅಂಥ ದಪ್ಪದ ಸ್ಪೇಸರ್ ಸಾಮಾನ್ಯವಾಗಿ ಹಬ್ಬಿಗೆ ಬೇರೆ ನಟ್‌ಗಳಿಂದ ಬಿಗಿಯುವಂಥದ್ದು. ಆ ನಟ್‌ಗಳು ಚಕ್ರದ ಹಿಂದೆ ಅಡಗಿರುತ್ತವೆ. ಅವು ಸಡಿಲವಾದರೆ ಕಣ್ಣಿಗೆ ಕಾಣುವುದಿಲ್ಲ.

ಮುಂದೆ ಹೇಗೋ ಸರಿಹೋಯಿತು ಅನ್ನೋಣ. ಹಿಂದಿನ 9 ಇಂಚಿನ ರಿಮ್? ಅರ್ಧ 114, ಸ್ಪೇಸರ್ ಹಾಕಿದ ಮೇಲೆ ಆಫ್‌ಸೆಟ್ 27. ಹೊರಕ್ಕೆ 87. ಹಳೆಯದಕ್ಕಿಂತ 21 ಮಿ.ಮೀ. ಹೊರಗೆ, ಒಳಗೂ 29 ಮಿ.ಮೀ. ಜಾಸ್ತಿ. 1986ರ 944 ಟರ್ಬೊಗೆ ಪೋರ್ಷೆಯೇ ಕೊಟ್ಟ ಹಿಂದಿನ ರಿಮ್ 8 ಇಂಚಿನದು, 23 ಆಫ್‌ಸೆಟ್. ಅದರ ಹೊರಗಿನ ಅಂಚು 78ಕ್ಕೆ ನಿಲ್ಲುತ್ತದೆ. ಅಂದರೆ ಕಾರ್ಖಾನೆಯವರು ಒಪ್ಪಿದ ಜಾಗಕ್ಕಿಂತಲೂ 9 ಮಿ.ಮೀ. ಆಚೆ. ಫೆಂಡರಿನ (ಚಕ್ರದ ಮೇಲಿನ ಬಾಡಿ ತಗಡಿನ) ಒಳಮಡಿಕೆಯನ್ನು ಚಪ್ಪಟೆ ಮಾಡದೆ ಆಗದು. ಹಳೆಯ ಬಣ್ಣ ಇರುವ ಕಾರಿನ ಮಡಿಕೆ ಬಗ್ಗಿಸಿದರೆ ಬಣ್ಣ ಬಿರುಕು ಬಿಡುತ್ತದೆ, ಆಮೇಲೆ ನೀರು ಹಿಡಿದು ತುಕ್ಕು. ಚಕ್ರದ ಆಸೆಗೆ ಬಾಡಿಯನ್ನು ಮುಟ್ಟುವುದು ನನಗೆ ಒಪ್ಪಿಗೆಯಿಲ್ಲ. ರಿಮ್ ಬೇಕಾದರೆ ನಾಳೆ ಬಿಚ್ಚಬಹುದು, ಬಗ್ಗಿಸಿದ ತಗಡನ್ನು ಮೊದಲಿನಂತೆ ಮಾಡಲಾಗದು.

ಹೀಗೆ 17 ಇಂಚಿನ ಸೆಟ್ ಕೈಬಿಟ್ಟಿತು. 18 ಇಂಚಿನ ಬಗ್ಗೆ ಹೆಚ್ಚು ಹೊತ್ತು ಮಾತಾಡಲಿಲ್ಲ. 225/40 ಟೈರ್ ಅಂದರೆ ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡಾ 40, ಅಂದರೆ 90 ಮಿ.ಮೀ. ಈ ಕಾರಿನ ಈಗಿನ ಟೈರಿನ ಪಕ್ಕೆ 129. ನಾಲ್ಕು ದಶಕದ ಹಳೆಯ, ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್‌ಗಳು ಇರುವ ಕಾರಿನಲ್ಲಿ ಅಷ್ಟು ತೆಳು ಪಕ್ಕೆ ಹಾಕಿದರೆ ರಸ್ತೆಯ ಪ್ರತಿ ಸೀಳೂ ಸ್ಟಿಯರಿಂಗಿಗೆ ಬರುತ್ತದೆ. ಸಾಕು.

ಯಾವ ಟೈರ್?

ಈಗ ಮೊದಲಿನ ಷರತ್ತಿಗೆ ಬಂದೆವು. ಆ ಕಾಲದ 944ಗೆ ಕಾರ್ಖಾನೆ ಕೊಡುತ್ತಿದ್ದ ಟೈರ್ 185/70 ಅಥವಾ 215/60, ಎರಡೂ 15 ಇಂಚಿನವು. ಲೆಕ್ಕ ಹಾಕಿದರೆ ಮೊದಲನೆಯದರ ವ್ಯಾಸ 640 ಮಿ.ಮೀ., ಎರಡನೆಯದು 639. ಒಂದೇ ಎತ್ತರ, ಬೇರೆ ಅಗಲ. ಲೆಕ್ಕ ಸುಲಭ: ಅಗಲವನ್ನು ಶೇಕಡಾವಾರು ಪಕ್ಕೆಯಿಂದ ಗುಣಿಸಿ, ಎರಡರಿಂದ ಗುಣಿಸಿ, ರಿಮ್ಮಿನ ವ್ಯಾಸ ಕೂಡಿಸಿ. ಈ 640ರ ಆಸುಪಾಸು ನಿಲ್ಲುವ ಟೈರ್ ನಮಗೆ ಬೇಕು. ಸ್ಪೀಡೋಮೀಟರ್, ಗೇರಿನ ಲೆಕ್ಕ, ಫೆಂಡರಿನ ಕಮಾನು ಎಲ್ಲವೂ ಆ ಎತ್ತರಕ್ಕೆ ಹೊಂದಿಕೊಂಡಿವೆ.

15 ಇಂಚನ್ನೇ ಉಳಿಸಿಕೊಂಡರೆ ಹೇಗೆ? ನನ್ನ ಮನಸ್ಸು ಮೊದಲು ಅಲ್ಲೇ ಇತ್ತು. 195/65 ಆರ್ 15 ಸಿಗದ ಅಂಗಡಿಯೇ ಇಲ್ಲ. ವ್ಯಾಸ 634. ಆದರೆ ಆ ಅಳತೆಯ ಟೈರುಗಳು ಬಹುಪಾಲು ಮನೆಮಂದಿ ಓಡಾಡುವ ಕಾರಿಗೆಂದು ಮಾಡಿದವು. ಮೆತ್ತಗೆ ಓಡಬೇಕು, ಬಹಳ ದಿನ ಬಾಳಬೇಕು ಅನ್ನುವುದು ಅವುಗಳ ಗುರಿ. ಜೊತೆಗೆ 7 ಇಂಚಿನ ರಿಮ್ ಅದಕ್ಕೆ ಒಪ್ಪಿತ ಅಗಲದ ಕೊನೆಯ ಮಿತಿ.

ಅದಕ್ಕಿಂತ ಮುಖ್ಯವಾಗಿ ವೇಗದ ಗುರುತು. ಯುರೋಪಿನ 944 ಗಂಟೆಗೆ 220 ಕಿ.ಮೀ. ಮುಟ್ಟುವ ಕಾರು. ಎಚ್ ಗುರುತಿನ ಟೈರ್ 210ಕ್ಕೆ ನಿಲ್ಲುತ್ತದೆ, ವಿ ಗುರುತಿನದು 240ರವರೆಗೆ. 195/65ರಲ್ಲಿ ಎಚ್ ಧಾರಾಳ, ವಿ ಹುಡುಕಿ ಕೊಳ್ಳಬೇಕು. "ನಾನೆಲ್ಲಿ 220ರಲ್ಲಿ ಓಡಿಸ್ತೀನಿ?" ಅನ್ನಬಹುದು. ಓಡಿಸದಿರಬಹುದು. ಆದರೆ ವೇಗದ ಗುರುತು ಅಂದರೆ ಬರೀ ವೇಗವಲ್ಲ, ಬಿಸಿ ತಡೆಯುವ ಶಕ್ತಿಯೂ ಹೌದು. ಕೆಲವು ದೇಶಗಳಲ್ಲಿ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಗುರುತಿನ ಟೈರ್ ಹಾಕಿದರೆ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ.

215/60 ಆರ್ 15ರ ಕಥೆ ಇನ್ನೊಂದು ಥರ. ಕಾರಿಗೆ ಸರಿಯಾದ ಅಳತೆಯೇ. ಆದರೆ ಹೊಸ ಕಾರುಗಳು ಆ ಅಳತೆ ಬಿಟ್ಟು ಬಹಳ ಕಾಲವಾಯಿತು. ಹಳೆಯ ಕಾರುಗಳಿಗೆಂದೇ ಮಾಡುವ ಟೈರುಗಳಿವೆ, ಚೆನ್ನಾಗಿಯೂ ಇವೆ. ಆದರೆ ಬೆಲೆ ಜಾಸ್ತಿ, ಆಯ್ಕೆ ಕಡಿಮೆ. ಪ್ರದರ್ಶನಕ್ಕೆ ನಿಲ್ಲಿಸುವ ಕಾರಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಇವನು ಓಡಿಸುವವನು.

ಹಾಗಾಗಿ 16 ಇಂಚು. 205/55 ಆರ್ 16 ಎಷ್ಟೋ ಸಾಧಾರಣ ಹ್ಯಾಚ್‌ಬ್ಯಾಕ್ ಕಾರುಗಳ ಅಳತೆ. ಆದ್ದರಿಂದ ಪ್ರತಿ ತಯಾರಕರೂ ಇದರಲ್ಲಿ ಬಗೆಬಗೆಯ ಟೈರ್ ಮಾಡುತ್ತಾರೆ. ಮಳೆಯದು, ಚಳಿಯದು, ಜೋರಾಗಿ ಓಡಿಸುವವರದು, ಎಲ್ಲವೂ. ವಿ ಗುರುತು ಇದರಲ್ಲಿ ಸಾಮಾನ್ಯ. ಭಾರದ ಗುರುತು 91, ಅಂದರೆ ಒಂದು ಟೈರಿಗೆ 615 ಕೆ.ಜಿ. ಸುಮಾರು 1,200 ಕೆ.ಜಿ. ತೂಗುವ ಕಾರಿಗೆ ಬೇಕಾದ್ದಕ್ಕಿಂತ ಹೆಚ್ಚೇ. ವ್ಯಾಸ 632. ಹಳೆಯದಕ್ಕಿಂತ ನೂರಕ್ಕೆ ಒಂದರಷ್ಟು ಸಣ್ಣದು. ಮೊದಲು ಮೀಟರ್ 100 ತೋರಿಸಿದಾಗ ಎಷ್ಟು ಓಡುತ್ತಿತ್ತೋ ಅದಕ್ಕಿಂತ ಸುಮಾರು ಒಂದು ಕಿ.ಮೀ. ಕಡಿಮೆ ಓಡುತ್ತದೆ. ಮೀಟರ್ ಹೆಚ್ಚು ತೋರಿಸಿದರೆ ತೊಂದರೆಯಿಲ್ಲ, ಕಡಿಮೆ ತೋರಿಸಬಾರದು ಅಷ್ಟೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ, 1986ರ ಟರ್ಬೊ ಕಾರಿನ ಮುಂದೆ ಪೋರ್ಷೆಯೇ ಹಾಕಿದ್ದು ಇದೇ 205/55, 7 ಇಂಚಿನ ರಿಮ್ ಮೇಲೆ, 23 ಆಫ್‌ಸೆಟ್ಟಿನಲ್ಲಿ.

ಗೆಳೆಯ ತಕರಾರು ತೆಗೆದ. "ಈಗಿರೋದು 215. ಇಷ್ಟೆಲ್ಲ ಮಾಡಿ ಟೈರನ್ನ ಸಣ್ಣ ಮಾಡೋದಾ?"

ನ್ಯಾಯವಾದ ಪ್ರಶ್ನೆಯೇ. ಟೈರಿನ ಮೇಲೆ ಬರೆದ ಅಗಲ ಹೆಸರಿಗೆ ಮಾತ್ರ. 205/55 ಆರ್ 16ರ ನಿಜವಾದ ಪಕ್ಕೆಯಿಂದ ಪಕ್ಕೆಯ ಅಗಲ ಆರೂವರೆ ಇಂಚಿನ ರಿಮ್ ಮೇಲೆ 214ರ ಹತ್ತಿರ. ರಿಮ್ ಅರ್ಧ ಇಂಚು ಅಗಲವಾದರೆ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ. 7 ಇಂಚಿನ ಮೇಲೆ 219ರಷ್ಟಾಗುತ್ತದೆ. ಪಕ್ಕೆ 129ರಿಂದ 113ಕ್ಕೆ ಇಳಿಯುವುದರಿಂದ ತಿರುವಿನಲ್ಲಿ ಓಲಾಟ ಕಡಿಮೆ. ಇನ್ನು ಹಿಡಿತದ ಮಾತು ಬಂದರೆ, ಗಟ್ಟಿಯಾದ ಹಳೆಯ 215ಕ್ಕಿಂತ ಹೊಸ ರಬ್ಬರಿನ 205 ಎಷ್ಟೋ ಮೇಲು. ಹತ್ತು ಮಿ.ಮೀ. ಅಗಲಕ್ಕಿಂತ ರಬ್ಬರಿನ ಗುಣಕ್ಕೆ ಬೆಲೆ ಜಾಸ್ತಿ. ಈ ಮಾತನ್ನು ಅವನಿಗೆ ನಂಬಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

215/55 ಆರ್ 16 ಕೂಡ ಹತ್ತಿರ ಬಂದಿತ್ತು. ವ್ಯಾಸ 643, ಹಳೆಯದಕ್ಕೆ ಇನ್ನೂ ಸಮೀಪ. ಆದರೆ ಈ ಅಳತೆಯಲ್ಲಿ ಸಿಗುವವು ಹೆಚ್ಚಾಗಿ ದೊಡ್ಡ ಸೆಡಾನ್‌ಗಳ ಟೈರುಗಳು. ಅವನಿಗೆ ಬೇಕಾದ ಚುರುಕು ಅವುಗಳಲ್ಲಿ ಇಲ್ಲ ಅಂತ ಬಿಟ್ಟೆವು. ಅದನ್ನೇ ಆರಿಸಿದ್ದರೂ ತಪ್ಪೇನಾಗುತ್ತಿರಲಿಲ್ಲ.

ಹಿಂದೆ ಅಗಲ ಬೇಕಾ?

ಟರ್ಬೊಗೆ ಹಿಂದೆ 8 ಇಂಚಿನ ರಿಮ್, 225/50 ಟೈರ್ ಇತ್ತಲ್ಲ, ನನಗೂ ಅದೇ ಇರಲಿ ಅನ್ನುವುದು ಅವನ ಮುಂದಿನ ಹಟ. ವ್ಯಾಸ 631, ಮುಂದಿನದಕ್ಕೆ ಸಮ. ಜಾಗವೂ ಇದೆ ಅಂತ ಕಾರ್ಖಾನೆಯೇ ತೋರಿಸಿಕೊಟ್ಟಿದೆ. ಹಾಗಾದರೆ ಬೇಡ ಅನ್ನಲು ಕಾರಣವೇನು?

ಟರ್ಬೊ ಎಂಜಿನ್ನಿನ ಎಳೆತ ಬೇರೆ. ಆ ಶಕ್ತಿಯನ್ನು ನೆಲಕ್ಕೆ ಇಳಿಸಲು ಹಿಂದೆ ಅಗಲ ಬೇಕಿತ್ತು. ಇವನದು 163 ಅಶ್ವಶಕ್ತಿಯ ಕಾರು. ಗೇರ್‌ಬಾಕ್ಸ್ ಹಿಂದಿರುವುದರಿಂದ ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ. ಇಂಥ ಕಾರಿನ ಹಿಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ತಿರುವಿನಲ್ಲಿ ಮೂಗು ಹೊರಕ್ಕೆ ತಳ್ಳುವುದು ಹೆಚ್ಚುತ್ತದೆ. 944ರ ಸೊಗಸೇ ಅದರ ಸಮತೋಲ. ಅದನ್ನು ಕೆಡಿಸಲು ದುಡ್ಡು ಕೊಡಬೇಕಾ? ಮೇಲಾಗಿ ನಾಲ್ಕೂ ಒಂದೇ ಅಳತೆಯಾದರೆ ಮುಂದಿನದನ್ನು ಹಿಂದೆ ಹಾಕಿ ಸವೆತ ಸಮ ಮಾಡಿಕೊಳ್ಳಬಹುದು. 225/50 ಆರ್ 16 ಅಳತೆಯೂ ಈಗ ಅಂಗಡಿಗಳಲ್ಲಿ ವಿರಳವಾಗುತ್ತಿದೆ.

ಒಂದು ಸಂಗತಿ ಅಳತೆಯಲ್ಲಿ ಹೊರಬಿತ್ತು. ಹಿಂದಿನ ಎರಡೂ ಪಕ್ಕ ಟೈರಿನಿಂದ ಫೆಂಡರ್ ಮಡಿಕೆಯವರೆಗೆ ಅಳೆದೆವು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇತ್ತು, ಬಲಗಡೆ ಜಾಗ ಕಡಿಮೆ. ಕಾರಿನ ಆ ಮೂಲೆಯ ಎತ್ತರವೂ ಸ್ವಲ್ಪ ಕೆಳಗೆ. 944ರ ಹಿಂದೆ ಸ್ಪ್ರಿಂಗ್ ಸುರುಳಿ ಇಲ್ಲ, ತಿರುಚಿಕೊಳ್ಳುವ ಟಾರ್ಷನ್ ಬಾರ್ ಇದೆ. ವಯಸ್ಸಾದಂತೆ ಅದು ಎರಡೂ ಕಡೆ ಒಂದೇ ಸಮ ಇಳಿಯಬೇಕೆಂದಿಲ್ಲ. ಹಳೆಯ ಕಾರಿನಲ್ಲಿ ಒಂದು ಕಡೆ ಅಳೆದು ನಾಲ್ಕಕ್ಕೂ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಂದೇ ಮಾತಲ್ಲಿ ಹೇಳಿದರು: "ಸರ್, ಮೊದಲು ಎತ್ತರ ಸರಿ ಮಾಡಿಸಿ. ಅಗಲದ ಮಾತು ಆಮೇಲೆ."

8 ಇಂಚಿನ ಮಾತು ಅಲ್ಲಿಗೆ ಸದ್ಯಕ್ಕೆ ನಿಂತಿತು. ನಾಲ್ಕೂ ಕಡೆ 7 ಇಂಚು, 16 ವ್ಯಾಸ, 23 ಆಫ್‌ಸೆಟ್.

ಆಫ್‌ಸೆಟ್ ಹತ್ತು ಹದಿನೈದು ಮಿ.ಮೀ. ಕಡಿಮೆ ಇರುವ, ಇನ್ನೂ ಹೊರಗೆ ನಿಲ್ಲುವ ರಿಮ್‌ಗಳೂ ಮಾರುಕಟ್ಟೆಯಲ್ಲಿದ್ದವು. ಹಿಂದೆ ಎಂಜಿನ್ ಇರುವ 911ಗೆಂದು ಮಾಡಿದವು, ಅದೇ ಬೋಲ್ಟ್ ವೃತ್ತ. ಫೆಂಡರಿಗೆ ತಾಗದಿದ್ದರೂ ಮುಂದಿನ ಚಕ್ರಕ್ಕೆ ಅವು ಬೇಡ ಎಂದೆ. ಸ್ಟ್ರಟ್ಟಿನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಮೂಲಕ ಒಂದು ಗೆರೆಯನ್ನು ನೆಲದವರೆಗೆ ಎಳೆದುಕೊಳ್ಳಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಆ ಗೆರೆಯ ಸುತ್ತ. ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ಮಧ್ಯಕ್ಕೂ ಇರುವ ದೂರವೇ ಸ್ಕ್ರಬ್ ರೇಡಿಯಸ್. ಚಕ್ರವನ್ನು ಹೊರಗೆ ಸರಿಸಿದಷ್ಟೂ ಈ ದೂರ ಬದಲಾಗುತ್ತದೆ. ಅದು ಬದಲಾದರೆ, ಒಂದು ಚಕ್ರ ಒದ್ದೆ ಜಾಗದಲ್ಲಿ, ಇನ್ನೊಂದು ಒಣ ಜಾಗದಲ್ಲಿ ಇರುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತದೆ. ರಸ್ತೆಯ ಗಾಲಿಜಾಡು ಕೈಯನ್ನು ಜಗ್ಗುತ್ತದೆ. ಪೋರ್ಷೆಯವರು 1987ರಲ್ಲಿ ಎಬಿಎಸ್ ತಂದಾಗ ಆಫ್‌ಸೆಟ್ ಬದಲಿಸಿದ್ದು ಶೋಕಿಗಲ್ಲ, ಈ ಲೆಕ್ಕ ಅಷ್ಟು ಸೂಕ್ಷ್ಮ.

ಕೂರಿಸುವಾಗ

ರಿಮ್ ಬಂದ ಮೇಲೆ ಹಿಂಬದಿಯ ಅಚ್ಚು ಓದಿದೆವು. 7 ಜೆ × 16 ಎಚ್ 2, ಇಟಿ 23. ಜೆ ಅಂದರೆ ಅಂಚಿನ ಆಕಾರ, ಎಚ್ 2 ಅಂದರೆ ಟೈರ್ ಜಾರದಂತೆ ಎರಡೂ ಬದಿ ಇರುವ ಏಣು, ಇಟಿ ಅಂದರೆ ಆಫ್‌ಸೆಟ್. ಅಚ್ಚಿಲ್ಲದ ರಿಮ್, ಭಾರದ ಮಿತಿ ಬರೆಯದ ರಿಮ್ ಎಷ್ಟೇ ಚಂದ ಇದ್ದರೂ ಮುಟ್ಟಬೇಡಿ.

ಟೈರ್ ಹಾಕುವ ಮೊದಲು ಬರೀ ರಿಮ್ಮನ್ನು ಹಬ್ಬಿಗೆ ಕೂರಿಸಿ ಕೈಯಿಂದ ತಿರುಗಿಸಿ ನೋಡಿದೆವು. ಟೈರ್ ಹಾಕಿಬಿಟ್ಟರೆ ಎಷ್ಟೋ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೂ ರಿಮ್ಮಿನ ಕಡ್ಡಿಗಳಿಗೂ ನಡುವೆ ಜಾಗ ಧಾರಾಳವಿತ್ತು. ಈ ಕಾರಿನ ಬ್ರೇಕ್ 15 ಇಂಚಿನೊಳಗೇ ಹಿಡಿಯುತ್ತಿತ್ತಲ್ಲ. ನೆನಪಿಡಬೇಕಾದ್ದು ಒಳಗೆ ಅಂಟಿಸುವ ಬ್ಯಾಲೆನ್ಸ್ ತೂಕ. ಅದೂ ಕ್ಯಾಲಿಪರಿಗೆ ತಾಗಬಾರದು.

ಸಮಸ್ಯೆ ಬಂದಿದ್ದು ನಟ್‌ನಲ್ಲಿ. ಪೋರ್ಷೆಯ ಮೂಲ ಅಲ್ಯೂಮಿನಿಯಂ ನಟ್ ಕೂರುವ ಜಾಗ ಚೆಂಡಿನಂತೆ ಗುಂಡಗೆ. ಈ ಹೊಸ ರಿಮ್ಮಿನ ತೂತು ಓರೆಯಾಗಿ ಕೊರೆದದ್ದು. ಗುಂಡು ಓರೆಯ ಮೇಲೆ ಕೂತರೆ ಒಂದು ತೆಳುಗೆರೆಯಷ್ಟೇ ತಾಗುತ್ತದೆ. ಬಿಗಿಯುವಾಗ ಗಟ್ಟಿಯಾಗಿ ಸಿಕ್ಕ ಹಾಗೆ ಅನಿಸಿ, ಓಡಿಸುತ್ತಾ ಸಡಿಲವಾಗುತ್ತದೆ. ಚಕ್ರ ಕಳಚುವ ಅಪಘಾತಕ್ಕೆ ಇದು ನೇರ ದಾರಿ. ಮೆಕ್ಯಾನಿಕ್ ಒಂದು ಹಳೆಯ ನಟ್‌ಗೆ ಬಣ್ಣ ಬಳಿದು ರಿಮ್ಮಿನಲ್ಲಿ ತಿರುಗಿಸಿ ತೋರಿಸಿದರು. ಬಣ್ಣ ಹತ್ತಿದ್ದು ಬಳೆಯಂಥ ಸಣ್ಣ ಗೆರೆ. ರಿಮ್ ತಯಾರಕರು ಹೇಳಿದ ಓರೆ ಮೂತಿಯ ನಟ್ ತರಿಸಿದೆವು, ಎಂ 14 × 1.5 ಎಳೆಯದು. ಕಾರ್ಖಾನೆಯ ಬಿಗಿತ 130 ನ್ಯೂಟನ್ ಮೀಟರ್. ಹೊಸ ನಟ್‌ಗೂ ರಿಮ್ ತಯಾರಕರ ಕಾಗದದಲ್ಲಿ ಅದೇ ಇತ್ತು. ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ನೋಡಿದೆವು.

ಆಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಹಿಂದಿನ ಸೀಟಿನಲ್ಲಿ ಭಾರ ಹೇರಿ, ಉಬ್ಬಿನ ಮೇಲೆ ಓಡಿಸಿ ನೋಡಿದ್ದಾಯಿತು. ಎಲ್ಲೂ ತಾಗಲಿಲ್ಲ. ಬಲ ಹಿಂಭಾಗದಲ್ಲಿ ಮಾತ್ರ ನಿರಾಳ ಅನ್ನುವಷ್ಟು ಜಾಗವಿಲ್ಲ. ಕಾರು ಈಗ ಮಳೆಯಲ್ಲಿ ನೇರವಾಗಿ ನಿಲ್ಲುತ್ತದೆ, ತಿರುವಿಗೆ ಬೇಗ ಒಗ್ಗುತ್ತದೆ. ಚಿಕ್ಕ ಗುಂಡಿಗಳ ಸದ್ದು ಮೊದಲಿಗಿಂತ ಸ್ವಲ್ಪ ಹೆಚ್ಚು ಕೇಳುತ್ತದೆ.

ಹಳೆಯ 15 ಇಂಚಿನ ರಿಮ್‌ಗಳನ್ನು ಮಾರಬೇಡ ಅಂತ ಹೇಳಿದ್ದೇನೆ. ಕಾರಿನ ಜೊತೆ ಬಂದ ಚಕ್ರ ಕಾರಿನ ಜೊತೆಯೇ ಇರಲಿ, ಮುಂದೆ ಮಾರುವಾಗ ಕೇಳುತ್ತಾರೆ. ಅವನಿಗಂತೂ ಹಿಂದಿನ 8 ಇಂಚಿನ ಆಸೆ ಪೂರ್ತಿ ಹೋಗಿಲ್ಲ. ಟಾರ್ಷನ್ ಬಾರಿನ ಎತ್ತರ ಸರಿಮಾಡಿಸಲು ಗ್ಯಾರೇಜಿನಲ್ಲಿ ದಿನ ಕೇಳಿದ್ದಾನೆ. ಅದಾದ ಮೇಲೆ ಎರಡೂ ಕಡೆ ಮತ್ತೆ ಅಳೆಯುತ್ತೇವೆ.